ಕ್ರಮಸಂಖ್ಯೆ ಇಲ್ಲದ ಸಾಲು

ಒಬ್ಬರು: ಮೇಷ್ಟ್ರೇ, ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಾರ್ಚ್ ತಿಂಗಳ ಕೊನೆ ಬಂತೆಂದರೆ ಒಂದೇ ಮಾತು. ಮಗಳಿಗೆ ಎಲ್ಲ ವಿಷಯದಲ್ಲೂ ಎ ಗ್ರೇಡು, ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1600ಕ್ಕೆ 1560, ಸಾಲುಸಾಲು ಕಾಲೇಜು ಮಟ್ಟದ ಎಪಿ ಪರೀಕ್ಷೆಗಳು, ರಜೆಯಲ್ಲಿ ಸಂಶೋಧನೆ. ಇಷ್ಟಾದರೂ ಕಾಲೇಜು ಬಾ ಅನ್ನುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ನಿನ್ನನ್ನು ವೇಟ್‌ಲಿಸ್ಟಿನಲ್ಲಿ ಇಟ್ಟಿದ್ದೇವೆ ಎಂದು ಪತ್ರ ಕಳಿಸುತ್ತದೆ. ಮಕ್ಕಳು ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಎಲ್ಲೋ ಕೂದಲೆಳೆಯಷ್ಟು ಕಡಿಮೆ ಬಿತ್ತು ಎಂದೇ?

ಮತ್ತೊಬ್ಬರು: ಆ ಕೂದಲೆಳೆಯ ಲೆಕ್ಕವೇ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಸಿಇಟಿ ಬರೆದ ಹುಡುಗನಿಗೆ ತನ್ನ ರ‍್ಯಾಂಕು ಎಷ್ಟು ಎನ್ನುವುದು ಗೊತ್ತು. ಹೋದ ವರ್ಷ ಆ ಕಾಲೇಜಿನ ಆ ಬ್ರಾಂಚು ಎಷ್ಟನೆಯ ರ‍್ಯಾಂಕಿಗೆ ಮುಗಿಯಿತು ಎನ್ನುವುದೂ ಗೊತ್ತು. ಸೀಟು ತಪ್ಪಿದರೆ ಎಷ್ಟರಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು. ಆ ಪದ್ಧತಿಯಲ್ಲಿ ಬೆಳೆದು ಹೋದ ತಂದೆತಾಯಿಗಳು ಅಲ್ಲಿನ ಪತ್ರವನ್ನೂ ಅದೇ ಕಣ್ಣಿನಿಂದ ಓದುತ್ತಾರೆ, ಮಗುವಿನಲ್ಲಿ ಕೊರತೆ ಹುಡುಕುತ್ತಾರೆ. ಆದರೆ ಪ್ರವೇಶದಲ್ಲಿ ಏಷ್ಯನ್ ಮೂಲದವರಿಗೆ ತಾರತಮ್ಯವಾಗುತ್ತಿದೆ ಎಂದು ಹಾರ್ವರ್ಡ್ ವಿರುದ್ಧ ಹೂಡಿದ್ದ ಮೊಕದ್ದಮೆಯ ವಿಚಾರಣೆ 2018ರಲ್ಲಿ ಬಾಸ್ಟನ್ನಿನಲ್ಲಿ ನಡೆದಾಗ ಹೊರಬಿದ್ದ ಅಂಕಿಗಳನ್ನು ನೋಡಿ. 2019ರಲ್ಲಿ ಪದವಿ ಮುಗಿಸಬೇಕಿದ್ದ ತಂಡಕ್ಕೆ ಬಂದ ಅರ್ಜಿ ಸುಮಾರು 35,000, ಇದ್ದ ಜಾಗ ಸುಮಾರು 1,600. ಅಮೆರಿಕದೊಳಗಿಂದ ಅರ್ಜಿ ಹಾಕಿದವರಲ್ಲೇ ಎಸ್‌ಎಟಿ ಗಣಿತದಲ್ಲಿ ಪೂರ್ಣಾಂಕ ಪಡೆದವರು ಸುಮಾರು 3,500, ಭಾಷೆಯಲ್ಲಿ ಪೂರ್ಣಾಂಕದವರು ಸುಮಾರು 2,700, ಶಾಲೆಯ ಗ್ರೇಡಿನಲ್ಲಿ ಏನನ್ನೂ ಕಳೆದುಕೊಳ್ಳದವರು 8,000ಕ್ಕೂ ಹೆಚ್ಚು. ಪೂರ್ಣಾಂಕದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆಂದರೂ ತರಗತಿ ಹಲವು ಪಟ್ಟು ತುಂಬಿ ಚೆಲ್ಲುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅಂಕಗಳು ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸುವುದನ್ನೇ ನಿಲ್ಲಿಸುತ್ತವೆ. ಅಲ್ಲಿಂದಾಚೆ ನಡೆಯುವುದನ್ನು ಮಗುವಿನ ಬಗ್ಗೆ ಬಂದ ತೀರ್ಪು ಎಂದು ಓದಲು ಆಧಾರವಿಲ್ಲ.

ಒಬ್ಬರು: ಜಾಗವಿಲ್ಲ ಎಂದಾದರೆ ಇಲ್ಲ ಎಂದೇ ಹೇಳಿಬಿಡಲಿ. ನಡುನೀರಿನಲ್ಲಿ ನಿಲ್ಲಿಸುವುದೇಕೆ?

ಮತ್ತೊಬ್ಬರು: ನಡುನೀರಿನಲ್ಲಿರುವುದು ಮೊದಲಿಗೆ ಕಾಲೇಜೇ, ಅದಕ್ಕೆ. ಅಲ್ಲಿ ಇಂಥ ಕಾಲೇಜುಗಳನ್ನು ಬಯಸುವವರಲ್ಲಿ ಹಲವರು ಹತ್ತು ಹದಿನೈದು ಕಡೆ ಅರ್ಜಿ ಹಾಕಿ ಕೊನೆಗೆ ಒಂದು ಕಡೆ ಸೇರುತ್ತಾರೆ. ಕರೆದವರಲ್ಲಿ ಎಷ್ಟು ಜನ ಬರುತ್ತಾರೆ ಎನ್ನುವುದು ಮೇ 1ರ ಗಡುವಿನವರೆಗೆ ಯಾವ ಕಾಲೇಜಿಗೂ ತಿಳಿಯದು. ಬರುವವರ ಈ ಪ್ರಮಾಣವನ್ನು ಅಲ್ಲಿನವರು ಯೀಲ್ಡ್ ಅನ್ನುತ್ತಾರೆ. 1,500 ವಿದ್ಯಾರ್ಥಿಗಳು ಬೇಕಾದ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ನೂರರಲ್ಲಿ ನಲವತ್ತು ಜನ ಬರುತ್ತಾರೆಂದು ಅಂದಾಜಿಸಿ 3,750 ಜನರನ್ನು ಕರೆಯಿತು ಎನ್ನೋಣ. ನಲವತ್ತನಾಲ್ಕು ಬಂದರೆ ಹಾಸ್ಟೆಲಿನಲ್ಲಿ 150 ಮಂಚ ಸಾಲದೆ ಹೋಗುತ್ತದೆ, ಮೂವತ್ತಾರು ಬಂದರೆ 150 ಜನರ ಶುಲ್ಕ ನಾಲ್ಕು ವರ್ಷ ಖೋತಾ. ಲೆಕ್ಕ ತಪ್ಪುವುದು ಬರಿಯ ಊಹೆಯಲ್ಲ. 2017ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿಗೆ ಎಣಿಸಿದ್ದಕ್ಕಿಂತ ನೂರಾರು ಜನ ಹೆಚ್ಚು ಬಂದರು. ಕ್ಯಾಂಪಸ್ಸು ಆಗಲೇ ಪ್ರವೇಶ ಕೊಟ್ಟಿದ್ದ ಸುಮಾರು 500 ಮಕ್ಕಳ ಸೀಟನ್ನು ಹಿಂದಕ್ಕೆ ಪಡೆಯಿತು. ಗದ್ದಲವಾದ ಮೇಲೆ ಕ್ಷಮೆ ಕೇಳಿ ಹೆಚ್ಚಿನವರಿಗೆ ಮರಳಿ ಕೊಟ್ಟಿತು. ಇಂಥದ್ದನ್ನು ಕಂಡ ಕಾಲೇಜು ಮೊದಲಿಗೆ ಬೇಕೆಂದೇ ಕೈಹಿಡಿದು ಕರೆಯುತ್ತದೆ, ಕೊರತೆ ಬಿದ್ದರೆ ತುಂಬಿಕೊಳ್ಳಲು ಪಕ್ಕದಲ್ಲಿ ಒಂದು ದೊಡ್ಡ ಗುಂಪನ್ನು ನಿಲ್ಲಿಸಿಕೊಳ್ಳುತ್ತದೆ. ನಷ್ಟದ ಭಯ ಕಾಲೇಜಿನದು, ಅದಕ್ಕೆ ಬೆಲೆ ತೆರುವವರು ಹದಿನೇಳು ಹದಿನೆಂಟರ ಮಕ್ಕಳು. ನನ್ನ ಆಕ್ಷೇಪವೆಲ್ಲ ಇಲ್ಲಿಂದ ಹೊರಡುತ್ತದೆ.

ಆ ಗುಂಪಿಗೆ ಸಾಲು ಎನ್ನುವುದೂ ಕಷ್ಟ. ರೈಲಿನ ವೇಟಿಂಗ್ ಲಿಸ್ಟಿನಲ್ಲಿ ಹನ್ನೆರಡನೆಯವರಿಗೆ ತಮ್ಮ ಮುಂದೆ ಹನ್ನೊಂದು ಜನ ಇದ್ದಾರೆಂಬ ನೆಚ್ಚಿಕೆಯಿರುತ್ತದೆ, ಎಷ್ಟು ಟಿಕೆಟು ರದ್ದಾದರೆ ತಮ್ಮ ಸರದಿ ಎಂದು ಎಣಿಸಬಹುದು. ಅಮೆರಿಕದ ಹೆಚ್ಚಿನ ಕಾಲೇಜುಗಳ ಪಟ್ಟಿಯಲ್ಲಿ ಕ್ರಮಸಂಖ್ಯೆಯೇ ಇಲ್ಲ. ಮೇ ತಿಂಗಳಲ್ಲಿ ಹತ್ತು ಜಾಗ ಖಾಲಿಯಾದರೆ ಆ ಹತ್ತು ಎಲ್ಲಿ ಖಾಲಿಯಾದವು ಎಂದು ನೋಡುತ್ತಾರೆ. ಇತಿಹಾಸ ಓದುವವರು ಕಡಿಮೆಯಾದರೇ, ಹಳ್ಳಿಗಾಡಿನ ರಾಜ್ಯಗಳಿಂದ ಬಂದವರು ಕಡಿಮೆಯಾದರೇ ಎಂದು ಲೆಕ್ಕ ಹಾಕಿ ಆ ತೂತಿಗೆ ಹೊಂದುವವರನ್ನು ಹೆಕ್ಕುತ್ತಾರೆ. ಕಂಪ್ಯೂಟರ್ ಸೈನ್ಸ್ ಬಯಸಿ ಕ್ಯಾಲಿಫೋರ್ನಿಯದ ಬೇ ಏರಿಯಾದಿಂದ ಅರ್ಜಿ ಹಾಕಿದ ಹುಡುಗಿ ಎಷ್ಟೇ ಚೆನ್ನಾಗಿ ಓದಿದ್ದರೂ ಆ ವರ್ಷ ಆ ತೂತು ಅವಳ ಆಕಾರದ್ದಾಗಿರದೆ ಹೋಗಬಹುದು. ಅಲ್ಲಿನ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ 2018ರ ಪ್ರವೇಶದ ಬಗ್ಗೆ ಮಾಡಿದ ಸಮೀಕ್ಷೆಯ ಪ್ರಕಾರ, ಪಟ್ಟಿಯಲ್ಲಿ ಉಳಿಯಲು ಒಪ್ಪಿದವರಲ್ಲಿ ಸರಾಸರಿ ನೂರಕ್ಕೆ 20 ಮಂದಿಗೆ ಸೀಟು ಸಿಕ್ಕಿತ್ತು. ಅತಿ ಹೆಚ್ಚು ಪೈಪೋಟಿಯ ಕಾಲೇಜುಗಳಲ್ಲಿ ಅದು 7. ಹಾರ್ವರ್ಡ್ ಕೆಲವು ವರ್ಷ ಪಟ್ಟಿಯಿಂದ ಒಬ್ಬರನ್ನೂ ತೆಗೆದುಕೊಂಡಿಲ್ಲ, ಕೆಲವು ವರ್ಷ 200ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿದೆ. ಅದೇ ಅಂಕದ ಅದೇ ಹುಡುಗಿ ಒಂದು ವರ್ಷ ಮುಂಚೆ ಹುಟ್ಟಿದ್ದರೆ ಉತ್ತರ ಬೇರೆಯಾಗುತ್ತಿತ್ತೇನೋ.

ಒಬ್ಬರು: ಎಲ್ಲವನ್ನೂ ಕಾಲೇಜಿನ ತಲೆಗೆ ಕಟ್ಟುವುದು ಸರಿಯೆ? ಇಪ್ಪತ್ತು ಕಡೆ ಅರ್ಜಿ ಗುಜರಾಯಿಸುವವರು ಮಕ್ಕಳೇ. ಅವರು ಐದಕ್ಕೆ ನಿಲ್ಲಿಸಿದರೆ ಕಾಲೇಜಿಗೆ ಈ ಅನಿಶ್ಚಯವೇ ಇರುತ್ತಿರಲಿಲ್ಲ.

ಮತ್ತೊಬ್ಬರು: ಅರ್ಧ ಒಪ್ಪುತ್ತೇನೆ. 1975ರಲ್ಲಿ 15 ಕಾಲೇಜುಗಳು ಸೇರಿ ಶುರುಮಾಡಿದ ಕಾಮನ್ ಅಪ್ಲಿಕೇಶನ್ನಿನಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಒಂದೇ ಅರ್ಜಿ, ಜೊತೆಗೆ ಒಂದಿಷ್ಟು ಪ್ರಬಂಧ, ಹಣ ಕಟ್ಟಿದರೆ ಇನ್ನೊಂದು ಕಡೆಗೂ ಹೋಯಿತು. ಕೋವಿಡ್ ಕಾಲದಲ್ಲಿ ಎಸ್‌ಎಟಿ ಕಡ್ಡಾಯವಲ್ಲ ಎಂದ ಮೇಲಂತೂ ಅರ್ಜಿಗಳ ಪ್ರವಾಹವೇ ಬಂತು. 2021ರಲ್ಲಿ ಹಾರ್ವರ್ಡಿಗೆ ಬಂದದ್ದು 57,435, ಅದು ಕರೆದದ್ದು 1,968. ಸೀಟಿನ ಭರವಸೆ ಕುಸಿದಷ್ಟೂ ಮಕ್ಕಳು ಹೆಚ್ಚು ಕಡೆ ಅರ್ಜಿ ಹಾಕುತ್ತಾರೆ, ಅವರು ಹೆಚ್ಚು ಕಡೆ ಹಾಕಿದಷ್ಟೂ ಕಾಲೇಜಿನ ಅಂದಾಜು ಕೆಡುತ್ತದೆ, ಪಟ್ಟಿ ಉದ್ದವಾಗುತ್ತದೆ. ಆದರೆ ಈ ಸುಳಿಯಿಂದ ಒಬ್ಬ ಹುಡುಗಿ ತಾನೊಬ್ಬಳೇ ಹೊರಬಂದು ಐದೇ ಅರ್ಜಿ ಹಾಕಿದರೆ ನಷ್ಟ ಅವಳೊಬ್ಬಳಿಗೆ. ಕೊರಳ ಕುಣಿಕೆ ಸಡಿಲಿಸಬಲ್ಲವರು ನಿಯಮ ಬರೆಯುವವರು. ಅವರೋ ತಮ್ಮ ಅನಿಶ್ಚಯ ಕಳೆದುಕೊಳ್ಳಲು ಬೇರೆ ದಾರಿ ಹಿಡಿದಿದ್ದಾರೆ. ಸೀಟು ಕೊಟ್ಟರೆ ಬಂದೇ ಬರುತ್ತೇನೆಂದು ನವೆಂಬರಿನಲ್ಲೇ ಮಾತು ಕೊಡುವವರಿಗೆ ‘ಅರ್ಲಿ ಡಿಸಿಶನ್’ ಎಂಬ ಬೇರೆ ಬಾಗಿಲು ತೆರೆದಿಟ್ಟು, ಎಷ್ಟೋ ಕಾಲೇಜುಗಳು ತರಗತಿಯ ದೊಡ್ಡ ಪಾಲನ್ನು ಅಲ್ಲಿಂದಲೇ ತುಂಬಿಕೊಳ್ಳುತ್ತವೆ. ಹೀಗೆ ಮುಂಚಿತವಾಗಿ ಅರ್ಜಿ ಹಾಕುವುದು ಎಸ್‌ಎಟಿಯಲ್ಲಿ 100 ಅಂಕ ಹೆಚ್ಚು ಪಡೆದಷ್ಟು ಅನುಕೂಲ ಎಂದು ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ 2003ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದರು. ಯಾವ ಕಾಲೇಜು ಎಷ್ಟು ನೆರವು ಕೊಡುತ್ತದೆ ಎಂದು ತಾಳೆ ನೋಡದೆ ಸೇರಲಾಗದ ಮನೆಯ ಮಕ್ಕಳು ಆ ಬಾಗಿಲಿಗೆ ಹೋಗಲಾರರು. ಅವರು ಉಳಿದ ಜಾಗಕ್ಕೆ ಮಾರ್ಚಿನವರೆಗೆ ಕಾಯುತ್ತಾರೆ, ಆಮೇಲೆ ಪಟ್ಟಿಯಲ್ಲಿ ಕಾಯುತ್ತಾರೆ. ಇನ್ನು ಅರ್ಜಿದಾರರ ‘ಆಸಕ್ತಿಯ ಮಟ್ಟ’ವನ್ನೂ ಗಣಿಸುತ್ತೇವೆಂದು ಕೆಲವು ಕಾಲೇಜುಗಳು ತಾವು ಪ್ರಕಟಿಸುವ ಮಾಹಿತಿಯಲ್ಲೇ ಹೇಳಿಕೊಂಡಿವೆ. ಅಂಥ ಕಡೆ ತುಂಬ ಚೆನ್ನಾಗಿ ಓದಿದವರೇ ಅನುಮಾನಕ್ಕೆ ಗುರಿಯಾಗುವುದು ಸಹಜ: ಇವಳಿಗೆ ಇದಕ್ಕಿಂತ ದೊಡ್ಡ ಕಡೆ ಸಿಗುತ್ತದೆ, ಇಲ್ಲಿಗೇಕೆ ಬಂದಾಳು?

ಒಬ್ಬರು: ಸರಿ, ಪಟ್ಟಿಗೆ ಹಾಕುವುದು ಕಾಲೇಜಿನ ಅನುಕೂಲಕ್ಕೇ ಇರಲಿ. ಆದರೆ ಕೊನೆಗೆ ಆ ಪಟ್ಟಿಯಿಂದ ಒಳಗೆ ಹೋದವರು ಹೊರಗುಳಿದವರಿಗಿಂತ ಒಂದು ಕೈ ಮೇಲೇ ಇರಬೇಕಲ್ಲ? ಇಲ್ಲದಿದ್ದರೆ ಅವರನ್ನೇ ಏಕೆ ಆರಿಸುತ್ತಾರೆ?

ಮತ್ತೊಬ್ಬರು: ಇದಕ್ಕೆ ನನ್ನಲ್ಲಿರುವ ಅತ್ಯಂತ ಬಲವಾದ ಸಾಕ್ಷ್ಯ ಅರ್ಥಶಾಸ್ತ್ರಜ್ಞರದು. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಎಂಟು ಐವಿ ಲೀಗ್ ಕಾಲೇಜುಗಳ ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೊ ಹೀಗೆ ಹನ್ನೆರಡು ಸಂಸ್ಥೆಗಳ ಕುರಿತದ್ದು. ಅಂಥ ಕಾಲೇಜಿನಲ್ಲಿ ಓದುವುದರಿಂದಲೇ ಬದುಕಿನಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಅವರಿಗೆ ಅಳೆಯಬೇಕಿತ್ತು. ಒಳಗೆ ಹೋದವರನ್ನೂ ತಿರಸ್ಕೃತರನ್ನೂ ಸುಮ್ಮನೆ ಹೋಲಿಸಿದರೆ ಮಕ್ಕಳೇ ಬೇರೆ ಬೇರೆ ಮಟ್ಟದವರಿರಬಹುದು. ಆದ್ದರಿಂದ ಅವರು ವೇಟ್‌ಲಿಸ್ಟಿನಲ್ಲಿದ್ದವರನ್ನೇ ತೆಗೆದುಕೊಂಡರು, ಅವರಲ್ಲಿ ಸೀಟು ಸಿಕ್ಕವರನ್ನು ಸಿಗದವರ ಪಕ್ಕಕ್ಕಿಟ್ಟು ನೋಡಿದರು. ಹೀಗೆ ಮಾಡಲು ಒಂದು ಸಂಗತಿ ಖಚಿತವಾಗಬೇಕಿತ್ತು, ಪಟ್ಟಿಯಿಂದ ಆಯ್ಕೆಯಾದವರು ಆಗದವರಿಗಿಂತ ಮೂಲದಲ್ಲಿ ಮೇಲಿನವರಲ್ಲ ಎಂದು. ಅದನ್ನವರು ಪರೀಕ್ಷಿಸಿದರು. ಒಂದು ಕಾಲೇಜಿನ ಪಟ್ಟಿಯಿಂದ ಕರೆ ಬಂದವರಿಗೆ ಅಂಥದೇ ಬೇರೆ ಕಾಲೇಜುಗಳಲ್ಲಿ ಪ್ರವೇಶ ಸಿಗುವ ಸಾಧ್ಯತೆ ಕರೆ ಬಾರದವರಿಗಿಂತ ಹೆಚ್ಚಿರಲಿಲ್ಲ. ಪಟ್ಟಿಯಿಂದ ಎತ್ತಿಕೊಂಡವರಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥ ಹೆಚ್ಚುಗಾರಿಕೆಯಿದ್ದರೆ ಬೇರೆ ಕಾಲೇಜಿನವರೂ ಅದನ್ನು ಗುರುತಿಸಬೇಕಿತ್ತು. ಗುರುತಿಸಲಿಲ್ಲ. ಪಟ್ಟಿಯಿಂದಾಗುವ ಆಯ್ಕೆ ಹೆಚ್ಚುಕಡಿಮೆ ಚೀಟಿ ಎತ್ತಿದಷ್ಟೇ ಆಕಸ್ಮಿಕ ಎಂಬ ನೆಲೆಯ ಮೇಲೆಯೇ ಆ ಅಧ್ಯಯನದ ಈ ಭಾಗ ನಿಂತಿದೆ. ವೇಟ್‌ಲಿಸ್ಟಿನ ಪತ್ರ ಹಿಡಿದು ತನ್ನಲ್ಲೇನು ಕಡಿಮೆ ಎಂದು ಕೊರಗುವ ಮಗುವಿಗೆ ಮೊದಲು ತಿಳಿಸಬೇಕಾದ ವಿಷಯ ಇದು. ಶಾಲೆಯ ಕೌನ್ಸೆಲರುಗಳು ಇದನ್ನೇಕೆ ಗೋಡೆಯ ಮೇಲೆ ಬರೆದು ಹಾಕುವುದಿಲ್ಲವೋ ನನಗೆ ತಿಳಿಯದು.

ಒಬ್ಬರು: ಕಾಲೇಜಿನವರು ಒಪ್ಪುವುದಿಲ್ಲ. ನಾವು ಅಂಕ ಎಣಿಸುವ ಯಂತ್ರವಲ್ಲ, ಇಡೀ ವ್ಯಕ್ತಿಯನ್ನು ನೋಡುತ್ತೇವೆ ಅನ್ನುತ್ತಾರೆ. ಬಡತನದಲ್ಲಿ ದುಡಿಯುತ್ತ ಓದಿದವನ 1450 ಮತ್ತು ಟ್ಯೂಷನ್ ಹೇಳಿಸಿಕೊಂಡವನ 1560 ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದನ್ನು ನೀವೂ ಒಪ್ಪುತ್ತೀರಿ ಎಂದುಕೊಂಡಿದ್ದೇನೆ.

ಮತ್ತೊಬ್ಬರು: ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಇಡೀ ವ್ಯಕ್ತಿಯನ್ನು ನೋಡುವುದರ ಬಗ್ಗೆ ಅಲ್ಲ, ಏನು ಕಂಡಿತು ಎಂದು ಹೇಳದೆ ಇರುವುದರ ಬಗ್ಗೆ. ಈ ಪದ್ಧತಿಯ ಹುಟ್ಟು ನೆನಪಿಸಿಕೊಳ್ಳಬೇಕು. 1920ರ ದಶಕದಲ್ಲಿ ಹಾರ್ವರ್ಡಿಗೆ ಪರೀಕ್ಷೆ ಗೆದ್ದು ಬರುವ ಯಹೂದಿ ವಿದ್ಯಾರ್ಥಿಗಳು ಹೆಚ್ಚಾದರು, 1925ರ ಹೊತ್ತಿಗೆ ಹೊಸ ತರಗತಿಯಲ್ಲಿ ಕಾಲು ಪಾಲಿಗೂ ಮಿಕ್ಕಿದರು. ಅಧ್ಯಕ್ಷರಾಗಿದ್ದ ಎ. ಲಾರೆನ್ಸ್ ಲೋವೆಲ್ 1922ರಲ್ಲೇ ಅವರಿಗೊಂದು ಮಿತಿ ಹಾಕಲು ಹೊರಟಿದ್ದರು. ಬಹಿರಂಗ ಮಿತಿಗೆ ವಿರೋಧ ಬಂದಾಗ 1926ರಲ್ಲಿ ಗುಣ, ನಡತೆ, ವ್ಯಕ್ತಿತ್ವ ಎಂಬ ಅಳತೆಗಳು ಮುಂದೆ ಬಂದವು. ಜೆರೋಮ್ ಕಾರಬೆಲ್ ಇದನ್ನೆಲ್ಲ ದಾಖಲೆಗಳ ಸಮೇತ 2005ರ ‘ದಿ ಚೋಸನ್’ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಸುಮಾರು ಒಂದು ಶತಮಾನದ ನಂತರ ಬಾಸ್ಟನ್ನಿನ ವಿಚಾರಣೆಯಲ್ಲಿ ಏಷ್ಯನ್ ಮೂಲದ ಅರ್ಜಿದಾರರಿಗೆ ‘ವ್ಯಕ್ತಿತ್ವ’ದ ಅಂಕಣದಲ್ಲಿ ಸರಾಸರಿ ಕಡಿಮೆ ಅಂಕ ಬಿದ್ದಿತ್ತು ಎಂಬ ಅಂಕಿಅಂಶ ಹೊರಬಂತು. ಉದ್ದೇಶಪೂರ್ವಕ ತಾರತಮ್ಯ ಸಾಬೀತಾಗಿಲ್ಲ ಎಂದು ವಿಚಾರಣಾ ನ್ಯಾಯಾಲಯ 2019ರಲ್ಲಿ ಹೇಳಿತು, ಮೇಲ್ಮನವಿಯಲ್ಲೂ ಅದೇ ಉಳಿಯಿತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಗಣಿಸುವುದನ್ನೇ ತಳ್ಳಿಹಾಕಿತು. ಆ ತೀರ್ಪು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ನನ್ನ ಕುತೂಹಲ ಇಷ್ಟು: ಅಂಥದೊಂದು ಅಂಕಣ ಹೇಗೆ ತುಂಬುತ್ತಿದ್ದರು ಎಂದು ಹೊರಗಿನವರಿಗೆ ಕಾಣಲು ನಾಲ್ಕು ವರ್ಷ ದಾವೆ ನಡೆಯಬೇಕಾಯಿತು. ಅಮೆರಿಕದ ಶಿಕ್ಷಣ ದಾಖಲೆಗಳ ಕಾನೂನಿನಲ್ಲಿ ಒಂದು ಕಾಲೇಜಿಗೆ ಸೇರಿದ ವಿದ್ಯಾರ್ಥಿ ತನ್ನ ಪ್ರವೇಶದ ಕಡತವನ್ನು ಕೇಳಿ ನೋಡಬಹುದು, 2015ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಹಾಗೆ ಕೇಳಿ ಪಡೆದರು. ಸೇರದವರಿಗೆ ಆ ಹಕ್ಕಿಲ್ಲ. ಒಳಗಿದ್ದವನಿಗೆ ತಾನೇಕೆ ಒಳಗೆ ಬಂದೆ ಎಂದು ತಿಳಿಯಬಹುದು, ಹೊರಗುಳಿದವಳಿಗೆ ತಾನೇಕೆ ಹೊರಗೆ ಎಂದು ತಿಳಿಯಬಾರದು.

ಅದೇ ವಿಚಾರಣೆಯಲ್ಲಿ ಹಾರ್ವರ್ಡಿನ ‘ಝಡ್ ಲಿಸ್ಟ್’ ಎಂಬುದರ ವಿವರಗಳೂ ಹೊರಬಂದವು. ವರ್ಷಕ್ಕೆ ಐವತ್ತು ಅರವತ್ತು ಮಂದಿಗೆ, ಒಂದು ವರ್ಷ ಬಿಟ್ಟು ಬನ್ನಿ ಎಂದು ಹೇಳಿ ಪಟ್ಟಿಯ ಹಿಂದಿನಿಂದ ಸೀಟು ಕೊಡುವ ಪದ್ಧತಿ ಅದು. ಅವರಲ್ಲಿ ಹಳೆ ವಿದ್ಯಾರ್ಥಿಗಳ ಮಕ್ಕಳು ಅರ್ಧಕ್ಕೆ ಸಮೀಪ. ಮಿಕ್ಕ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಇಂಥ ಇನ್ನೊಂದು ಪಟ್ಟಿ ಇದೆ ಎನ್ನುವುದೇ ಗೊತ್ತಿರಲಿಲ್ಲ.

ಒಬ್ಬರು: ಹಾಗಾದರೆ ಪಟ್ಟಿಯಲ್ಲಿ ಹಣವೂ ಮಾತನಾಡುತ್ತದೆಯೆ?

ಮತ್ತೊಬ್ಬರು: ಕೆಲವು ಕಡೆ ಮಾತನಾಡುತ್ತದೆ, ಕೆಲವರು ಅದನ್ನು ಮುಚ್ಚಿಡುವುದೂ ಇಲ್ಲ. ಮೊದಲ ಸುತ್ತಿನಲ್ಲಿ ಕುಟುಂಬದ ಹಣಕಾಸು ನೋಡುವುದಿಲ್ಲ ಎನ್ನುವ ಕಾಲೇಜುಗಳಲ್ಲೇ ಕೆಲವು ವೇಟ್‌ಲಿಸ್ಟಿಗೆ ಬಂದಾಗ ನೋಡುತ್ತವೆ. ಕಾರಣ ಸರಳ, ಮೇ ತಿಂಗಳ ಹೊತ್ತಿಗೆ ನೆರವಿನ ಹಣ ಹಂಚಿ ಮುಗಿದಿರುತ್ತದೆ. 2022ರ ಜನವರಿಯಲ್ಲಿ ಹಲವು ಪ್ರಸಿದ್ಧ ವಿಶ್ವವಿದ್ಯಾಲಯಗಳ ಕೂಟದ ಮೇಲೆ ಹೂಡಿದ ದಾವೆಯಲ್ಲಿ ಇದೂ ಒಂದು ಆರೋಪವಾಗಿತ್ತು, ಪಟ್ಟಿಯಲ್ಲಿದ್ದವರನ್ನು ಆರಿಸುವಾಗ ಅವರ ಪಾವತಿ ಶಕ್ತಿಯನ್ನು ಗಣಿಸಿದರು ಎಂದು. ಹಲವು ಸಂಸ್ಥೆಗಳು ತಪ್ಪೊಪ್ಪಿಕೊಳ್ಳದೆ ಕೋಟ್ಯಂತರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ನೆರವು ಬೇಕಾದ ಮನೆಯ ಹುಡುಗ ಏಪ್ರಿಲಿನಿಂದ ಜುಲೈವರೆಗೆ ಕಾಯುತ್ತಾನೆ, ತನ್ನ ನಿಜವಾದ ಅವಕಾಶ ಶೂನ್ಯಕ್ಕೆ ಹತ್ತಿರ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಸಂಕಟವಾಗುವುದು ಈ ಮೌನ ಕಂಡಾಗ.

ಒಬ್ಬರು: ಒಂದು ಮಾತು ಖಾರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದೆಲ್ಲ ಹೊಟ್ಟೆ ತುಂಬಿದವರ ದುಃಖ ಅಲ್ಲವೆ? ಹಾರ್ವರ್ಡ್ ಇಲ್ಲದಿದ್ದರೆ ಆ ಹುಡುಗಿ ಒಳ್ಳೆಯ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ. ಅವಳ ಬದುಕೇನೂ ಕೆಡುವುದಿಲ್ಲ.

ಮತ್ತೊಬ್ಬರು: ಕೆಡುವುದಿಲ್ಲ, ಇದನ್ನು ನಮ್ಮ ತಂದೆತಾಯಿಗಳು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ಸಮಾನ ಅಂಕವಿದ್ದು ಸಮಾನ ಕಾಲೇಜುಗಳಿಗೆ ಅರ್ಜಿ ಹಾಕಿದವರಲ್ಲಿ ಹೆಸರಾಂತ ಕಡೆ ಓದಿದವರಿಗೂ ಓದದವರಿಗೂ ಮುಂದಿನ ಗಳಿಕೆಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಡೇಲ್ ಮತ್ತು ಕ್ರೂಗರ್ 2002ರಲ್ಲೇ ತೋರಿಸಿದರು. ಚೆಟ್ಟಿಯವರ ತಂಡಕ್ಕೂ ಸರಾಸರಿ ಆದಾಯದಲ್ಲಿ ದೊಡ್ಡ ಅಂತರ ಸಿಗಲಿಲ್ಲ. ಮಿಷಿಗನ್, ಇಲಿನಾಯ್, ಟೆಕ್ಸಾಸ್ ವಿಶ್ವವಿದ್ಯಾಲಯಗಳಿಗೆ ಹೋದ ಮಗಳ ಭವಿಷ್ಯ ಮುಗಿಯಿತು ಎಂದು ಮುಖ ಸಣ್ಣದು ಮಾಡಿಕೊಳ್ಳುವುದು ಮಗಳಿಗೂ ಆ ವಿಶ್ವವಿದ್ಯಾಲಯಕ್ಕೂ ಮಾಡುವ ಅನ್ಯಾಯ. ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನು ನೀವು ಬಿಡುವಂತಿಲ್ಲ. ಆ ಹನ್ನೆರಡು ಕಾಲೇಜುಗಳಲ್ಲಿ ಓದಿದವರು ಆದಾಯದ ತುತ್ತತುದಿಯ ನೂರಕ್ಕೆ ಒಬ್ಬರ ಸಾಲಿಗೆ ಸೇರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚು, ಪ್ರತಿಷ್ಠಿತ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರು ಪಟ್ಟು. ಅದೇ ಎಸ್‌ಎಟಿ ಅಂಕ ಪಡೆದ ಮಧ್ಯಮ ವರ್ಗದ ಮಗುವಿಗಿಂತ ಅತಿ ಶ್ರೀಮಂತ ಮನೆಯ ಮಗು ಅಲ್ಲಿ ಸೇರಿ ಓದುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ದೇಶದ ನ್ಯಾಯಾಧೀಶರು, ಸೆನೆಟರುಗಳು, ದೊಡ್ಡ ಕಂಪನಿಗಳ ಮುಖ್ಯಸ್ಥರು ಅಳತೆ ಮೀರಿ ಈ ಕಾಲೇಜುಗಳಿಂದ ಬರುವಾಗ, ಒಳಗೆ ಬಿಡುವ ಕ್ರಮ ಒಂದು ಮನೆಯ ದುಃಖವಾಗಿ ಉಳಿಯುವುದಿಲ್ಲ, ಸಾರ್ವಜನಿಕ ಪ್ರಶ್ನೆಯಾಗುತ್ತದೆ.

ಒಬ್ಬರು: ನಮ್ಮ ಸಿಇಟಿಯಂಥದನ್ನೇ ಅವರೂ ತಂದುಕೊಳ್ಳಲಿ ಎಂದು ನೀವು ಹೇಳುತ್ತೀರೇನೋ.

ಮತ್ತೊಬ್ಬರು: ಇಲ್ಲ. ನಮ್ಮಲ್ಲಿ ಹದಿನೇಳರ ಮಕ್ಕಳು ಎರಡು ವರ್ಷ ಕೋಚಿಂಗ್ ಕೊಠಡಿಗಳಲ್ಲಿ ಕಳೆಯುವುದು ಯಾರೂ ಎರವಲು ಪಡೆಯಬೇಕಾದ ಸಂಗತಿಯಲ್ಲ. ಪರೀಕ್ಷೆಯನ್ನು ಬಿಡಿ, ಪಾರದರ್ಶಕತೆಯನ್ನು ಎರವಲು ಪಡೆಯಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ನೂರೆಂಟು ಗೊಂದಲಗಳಿವೆ, ವೆಬ್‌ಸೈಟು ಕೈಕೊಡುವುದೂ ಉಂಟು. ಆದರೂ ಸಿಕ್ಕ ಸೀಟನ್ನು ಉಳಿಸಿಕೊಂಡೇ ‘ಚಾಯ್ಸ್ 2’ ಕೊಟ್ಟು ಮುಂದಿನ ಸುತ್ತಿಗೆ ಕಾಯುವ ಹುಡುಗನಿಗೆ ತಾನು ಯಾವುದಕ್ಕೆ ಕಾಯುತ್ತಿದ್ದೇನೆ, ಎಷ್ಟು ಸುತ್ತು ಕಾಯಬೇಕು, ಯಾವ ರ‍್ಯಾಂಕಿನವರಿಗೆ ಎಲ್ಲಿ ಸೀಟಾಯಿತು ಎಲ್ಲ ಕಾಣುತ್ತದೆ. ಅಮೆರಿಕದ ಹುಡುಗಿ ಮೇ 1ಕ್ಕೆ ಇನ್ನೊಂದು ಕಾಲೇಜಿಗೆ ಕೆಲವು ನೂರು ಡಾಲರ್ ಮುಂಗಡ ಕಟ್ಟಬೇಕು, ವೇಟ್‌ಲಿಸ್ಟಿನಿಂದ ಕರೆ ಬಂದರೆ ಅದು ಹೋಯಿತು ಎಂದೇ ಲೆಕ್ಕ. ನಡುವೆ ನಿಮ್ಮಲ್ಲೇ ಓದುವ ಆಸೆ ಉಳಿದಿದೆ ಎಂದು ಮತ್ತೊಂದು ಪತ್ರ ಬರೆಯಬೇಕು. ಕರೆ ಬಂದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಗಂಟೆಗಳಲ್ಲಿ ಉತ್ತರ ಕೊಡಬೇಕು. ಪತ್ರಕ್ಕೆ ಪತ್ರವಾದರೂ ಬರುತ್ತದೆಂಬ ಖಾತರಿಯಿಲ್ಲ.

ಅರ್ಹತೆಯ ಒಂದು ಮಟ್ಟ ದಾಟಿದವರ ನಡುವೆ ಚೀಟಿ ಎತ್ತಿಬಿಡಿ ಎಂದು ಹಾರ್ವರ್ಡಿನಲ್ಲೇ ಪಾಠ ಹೇಳುವ ಮೈಕೆಲ್ ಸ್ಯಾಂಡೆಲ್ 2020ರಲ್ಲಿ ಸೂಚಿಸಿದ್ದಾರೆ. ನೆದರ್‌ಲೆಂಡ್ಸಿನ ವೈದ್ಯಕೀಯ ಕಾಲೇಜುಗಳಲ್ಲಿ ಅಂಕಕ್ಕೆ ತಕ್ಕ ತೂಕ ಕೊಟ್ಟು ಚೀಟಿ ಎತ್ತುವ ಪದ್ಧತಿ ದಶಕಗಳ ಕಾಲ ನಡೆದಿತ್ತು. ವೇಟ್‌ಲಿಸ್ಟಿನ ಮಟ್ಟಿಗಾದರೂ ಅದು ಈಗಿರುವುದಕ್ಕಿಂತ ಪ್ರಾಮಾಣಿಕ ಎಂದು ನನಗನ್ನಿಸುತ್ತದೆ, ಏಕೆಂದರೆ ಈಗಲೂ ಅಲ್ಲಿ ಬಹುಪಾಲು ಆಗುತ್ತಿರುವುದು ಅದೇ. ಚೀಟಿ ಎತ್ತುತ್ತಿದ್ದೇವೆ ಎಂದು ಹೇಳುವುದಿಲ್ಲ ಅಷ್ಟೆ.

ಒಬ್ಬರು: ನೀವು ಹೇಳಿದ್ದಕ್ಕೆಲ್ಲ ಕಾಲೇಜು ತಲೆದೂಗುತ್ತದೆಯೆ? ತನ್ನ ಕೈ ಕಟ್ಟಿಹಾಕುವ ನಿಯಮವನ್ನು ತಾನೇ ಏಕೆ ಬರೆದುಕೊಳ್ಳುತ್ತದೆ?

ಮತ್ತೊಬ್ಬರು: ತಾನಾಗಿ ಬರೆದುಕೊಳ್ಳುವುದಿಲ್ಲ. ಹೊರಗಿನ ಒತ್ತಡ ಫಲಿಸಿದ ಉದಾಹರಣೆ ಮಾತ್ರ ಕಣ್ಣೆದುರಿಗಿದೆ. ಹಣ ಕೊಟ್ಟು ಸೀಟು ಕೊಂಡವರ ಹಗರಣ 2019ರ ಮಾರ್ಚಿನಲ್ಲಿ ಬಯಲಾದಾಗ, ಹಳೆ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳಿಗೆ ಕೊಡುವ ಆದ್ಯತೆಯ ಬಗ್ಗೆ ಖಾಸಗಿ ಕಾಲೇಜುಗಳು ವರದಿ ಕೊಡಬೇಕೆಂದು ಕ್ಯಾಲಿಫೋರ್ನಿಯ ಅದೇ ವರ್ಷ ಕಾನೂನು ಮಾಡಿತು. ಅಂಕಿಗಳು ಹೊರಬಂದ ಮೇಲೆ ಸಮರ್ಥನೆ ಕಷ್ಟವಾಯಿತು, 2024ರ ಸೆಪ್ಟೆಂಬರಿನಲ್ಲಿ ಆ ಆದ್ಯತೆಯನ್ನೇ ನಿಷೇಧಿಸಲಾಯಿತು. ವೇಟ್‌ಲಿಸ್ಟಿಗೂ ಅದೇ ದಾರಿ. ಎಷ್ಟು ಜನರನ್ನು ಪಟ್ಟಿಗೆ ಹಾಕಿದೆವು, ಎಷ್ಟು ಜನ ಒಪ್ಪಿದರು, ಎಷ್ಟು ಜನರನ್ನು ಕರೆದೆವು ಎಂಬ ಮೂರು ಅಂಕಿಗಳನ್ನು ಬಹಳಷ್ಟು ಕಾಲೇಜುಗಳು ಈಗಲೂ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯಲ್ಲಿ ತುಂಬುತ್ತವೆ. ಆದರೆ ಅದು ಐಚ್ಛಿಕ, ಕೆಲವರು ಆ ಸಾಲನ್ನು ಖಾಲಿ ಬಿಡುತ್ತಾರೆ. ಅದನ್ನು ಕಡ್ಡಾಯ ಮಾಡಲಿ, ಪತ್ರದಲ್ಲೇ ಹಿಂದಿನ ಐದು ವರ್ಷದ ಅಂಕಿ ಅಚ್ಚಾಗಲಿ. ಕರೆಯುವಾಗ ಕುಟುಂಬದ ಹಣಕಾಸು ನೋಡುತ್ತೇವೋ ಇಲ್ಲವೋ ಎಂದು ಒಂದು ವಾಕ್ಯ ಇರಲಿ. ಜೂನ್ 30ಕ್ಕೆ ಪಟ್ಟಿ ಮುಚ್ಚಲಿ, ಮುಚ್ಚಿದ್ದು ಎಲ್ಲರಿಗೂ ಅದೇ ದಿನ ತಿಳಿಯಲಿ. ಇದರಲ್ಲಿ ಯಾವುದೂ ಕಾಲೇಜಿನ ಆಯ್ಕೆಯ ಸ್ವಾತಂತ್ರ್ಯ ಕಸಿಯುವುದಿಲ್ಲ, ಒಂದೇ ಒಂದು ಸೀಟನ್ನೂ ಬೇರೆಯವರಿಗೆ ಕೊಡಿಸುವುದಿಲ್ಲ. ನಲವತ್ತು ಮಂದಿಯನ್ನು ಕರೆಯುವ ಉದ್ದೇಶವಿದ್ದಾಗ ಸಾವಿರಾರು ಮಂದಿಯನ್ನು ನಿಲ್ಲಿಸಿಕೊಳ್ಳುವುದಕ್ಕೆ ಮಾತ್ರ ಕಾರಣ ಕೊಡಬೇಕಾಗುತ್ತದೆ. ಕ್ಯಾಲಿಫೋರ್ನಿಯ, ನ್ಯೂಜೆರ್ಸಿ, ಟೆಕ್ಸಾಸಿನ ನಮ್ಮ ಕನ್ನಡ ಕೂಟಗಳಲ್ಲಿ ಈಗ ಮತದಾರರೇ ಸಾವಿರಗಟ್ಟಲೆ ಇದ್ದಾರೆ. ಮಗಳ ಅರ್ಜಿ ತಿದ್ದಲು ಖಾಸಗಿ ಸಲಹೆಗಾರರ ಮುಂದೆ ಕೂರುವಷ್ಟು ಹೊತ್ತಿನಲ್ಲಿ ಸ್ವಲ್ಪವನ್ನು ತಮ್ಮ ರಾಜ್ಯದ ಶಾಸಕರ ಕಚೇರಿಗೂ ಮೀಸಲಿಟ್ಟರೆ, ಈ ಮೂರು ನಾಲ್ಕು ಬೇಡಿಕೆಗಳನ್ನು ಅಲ್ಲಿ ಬರೆದುಕೊಳ್ಳುವವರು ಸಿಗುತ್ತಾರೆ.